ರೀಬ್ರೀದರಿನ ಆಕ್ಸಿಜನ್ ಸೆಲ್ ಪರೀಕ್ಷೆ: ಒತ್ತಡದ ಪಾತ್ರೆಯಲ್ಲಿ ಹಂತ ಹಂತವಾಗಿ

"ಗಾಳಿಯಲ್ಲಿ ಹತ್ತು ಮಿಲಿವೋಲ್ಟ್ ಬಂತು, ಸೆಲ್ ಚೆನ್ನಾಗಿದೆ ಅಂತ ಹಾಕಿಕೊಂಡೆ" ಎಂಬ ಮಾತನ್ನು ರೀಬ್ರೀದರ್ (ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ, ಆಕ್ಸಿಜನ್ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಡೈವಿಂಗ್ ಯಂತ್ರ) ಬಳಸುವವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸೆಲ್ ಎಂದರೆ ಆ ಯಂತ್ರದೊಳಗಿನ ಆಕ್ಸಿಜನ್ ಅಳೆಯುವ ಸೆನ್ಸರ್. ಮಾತು ಅರ್ಧ ಮಾತ್ರ ಸರಿ. ಗಾಳಿಯಲ್ಲಿ ಸರಿಯಾದ ರೀಡಿಂಗ್ ಕೊಡದ ಸೆಲ್ ಕೆಟ್ಟಿದೆ ಎನ್ನಬಹುದು. ಗಾಳಿಯಲ್ಲಿ ಸರಿಯಾದ ರೀಡಿಂಗ್ ಕೊಟ್ಟಿತೆಂದ ಮಾತ್ರಕ್ಕೆ ಅದು ಒಳ್ಳೆಯದು ಎನ್ನಲು ಬರುವುದಿಲ್ಲ. ನೀರಿನಡಿಯಲ್ಲಿ ಆ ಸೆಲ್ ದುಡಿಯುವುದು ಆಕ್ಸಿಜನ್ನಿನ ಆಂಶಿಕ ಒತ್ತಡ (ಒಟ್ಟು ಒತ್ತಡದಲ್ಲಿ ಅದರ ಪಾಲು) 0.21 ಬಾರ್ ಇರುವ ಗಾಳಿಯಲ್ಲಲ್ಲ, 1.3 ಬಾರ್ ಆಸುಪಾಸಿನಲ್ಲಿ. ಎಚ್ಚರಿಕೆಯ ಗಂಟೆ ಬಾರಿಸಬೇಕಾದ್ದು 1.6 ಬಾರ್‌ನಲ್ಲಿ. ಅಷ್ಟು ಎತ್ತರಕ್ಕೆ ಏರಲು ಅದಕ್ಕೆ ಶಕ್ತಿಯಿದೆಯೇ ಎಂಬುದನ್ನು ದಡದ ಮೇಲೆ, ಮೇಜಿನ ಮುಂದೆ ಕುಳಿತು ಕಂಡುಕೊಳ್ಳುವ ಕ್ರಮ ಇಲ್ಲಿದೆ.

ಇಡೀ ರೀಬ್ರೀದರನ್ನು ಉಸಿರಾಟದ ಯಂತ್ರಕ್ಕೆ ಜೋಡಿಸಿ, ಒತ್ತಡದ ಕೋಣೆಯಲ್ಲಿಟ್ಟು ನಡೆಸುವ ಇಎನ್ 14143 (ರೀಬ್ರೀದರಿಗಿರುವ ಯುರೋಪಿನ ಮಾನದಂಡ) ಮಾದರಿಯ ಪರೀಕ್ಷೆ ತಯಾರಕರ ಮತ್ತು ದೊಡ್ಡ ಪ್ರಯೋಗಾಲಯಗಳ ಕೆಲಸ. ಅದನ್ನು ಇಲ್ಲಿ ಮುಟ್ಟುವುದಿಲ್ಲ. ಸೆಲ್ ಪರೀಕ್ಷೆ ಮಾತ್ರ ಸಣ್ಣ ವರ್ಕ್‌ಶಾಪಿನಲ್ಲೂ ಮಾಡಬಹುದಾದದ್ದು, ಬಳಸುವವರೇ ಪದೇ ಪದೇ ಮಾಡಬೇಕಾದದ್ದು.

## ಸೆಲ್ ಏಕೆ ಸುಳ್ಳು ಹೇಳುತ್ತದೆ

ಈ ಸೆಲ್ ಒಂದು ಪುಟ್ಟ ಬ್ಯಾಟರಿ. ಒಳಗೆ ಸೀಸದ ಆನೋಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಮುಖದಲ್ಲಿ ತೆಳುವಾದ ಟೆಫ್ಲಾನ್ ಪೊರೆ, ಅದರ ಹಿಂದೆ ಕ್ಯಾಥೋಡ್. ಪೊರೆಯ ಮೂಲಕ ನುಸುಳುವ ಆಕ್ಸಿಜನ್ ಕ್ಯಾಥೋಡಿನಲ್ಲಿ ಪ್ರತಿಕ್ರಿಯಿಸುತ್ತದೆ, ಅತ್ತ ಸೀಸ ಆಕ್ಸೈಡ್ ಆಗುತ್ತ ಹೋಗುತ್ತದೆ, ನಡುವೆ ಹರಿಯುವ ವಿದ್ಯುತ್ ಒಂದು ರೆಸಿಸ್ಟರ್ ಮೂಲಕ ಹಾದು ನಮಗೆ ಮಿಲಿವೋಲ್ಟ್ ಆಗಿ ಕಾಣುತ್ತದೆ. ಆಕ್ಸಿಜನ್ ಒತ್ತಡ ದ್ವಿಗುಣವಾದರೆ ಮಿಲಿವೋಲ್ಟ್ ಕೂಡ ದ್ವಿಗುಣವಾಗಬೇಕು.

ಸೀಸ ಸವೆಯುತ್ತ ಬಂದಂತೆ ಅಥವಾ ದ್ರಾವಣ ಒಣಗುತ್ತ ಬಂದಂತೆ ಸೆಲ್ ಕೊಡಬಲ್ಲ ಗರಿಷ್ಠ ವಿದ್ಯುತ್ತಿಗೆ ಒಂದು ಚಾವಣಿ ಬೀಳುತ್ತದೆ. ಚಾವಣಿಯ ಕೆಳಗೆ ಅದು ಸಾಚಾ. ಚಾವಣಿ ಮುಟ್ಟಿದ ಮೇಲೆ ಆಕ್ಸಿಜನ್ ಎಷ್ಟು ಏರಿದರೂ ಮಿಲಿವೋಲ್ಟ್ ನಿಂತಲ್ಲೇ ನಿಲ್ಲುತ್ತದೆ. ಚಾವಣಿ ಸೆಟ್‌ಪಾಯಿಂಟಿಗಿಂತ (ಯಂತ್ರ ಕಾಯ್ದುಕೊಳ್ಳಬೇಕಾದ ಆಕ್ಸಿಜನ್ ಒತ್ತಡ) ಕೆಳಗಿಳಿದರೆ, ಆಕ್ಸಿಜನ್ ಸಾಲದೆಂದು ತಿಳಿದ ನಿಯಂತ್ರಕ ಸೊಲೆನಾಯ್ಡನ್ನು (ಆಕ್ಸಿಜನ್ ಬಿಡುವ ವಿದ್ಯುತ್ ವಾಲ್ವ್) ಮತ್ತೆ ಮತ್ತೆ ತೆರೆದು ಇನ್ನಷ್ಟು ಆಕ್ಸಿಜನ್ ಸುರಿಯುತ್ತದೆ. ಅತಿಯಾದ ಆಕ್ಸಿಜನ್ನಿನಿಂದ ಬರುವ ಸೆಳವು (ಮೂರ್ಛೆ) ಮುನ್ಸೂಚನೆ ಕೊಟ್ಟೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಮೂರು ಸೆಲ್‌ಗಳಿವೆಯಲ್ಲ, ಬಹುಮತದ ಲೆಕ್ಕ ಕಾಪಾಡುತ್ತದೆ ಎಂಬ ಧೈರ್ಯವೂ ಸಲ್ಲ. ಒಂದೇ ಬ್ಯಾಚಿನ ಎರಡು ಮುದಿ ಸೆಲ್‌ಗಳು ಒಟ್ಟಿಗೆ ತಪ್ಪಿದರೆ, ಸರಿಯಿರುವ ಮೂರನೆಯದನ್ನೇ ಯಂತ್ರ ಹೊರಗಿಡುತ್ತದೆ.

## ಬೇಕಾದ ಸಲಕರಣೆ

ಒತ್ತಡದ ಪಾತ್ರೆ: ಸೆಲ್ ಪರೀಕ್ಷೆಗೆಂದೇ ತಯಾರಾದ, ಒಂದರಿಂದ ಮೂರು ಸೆಲ್ ಹಿಡಿಯುವ ಚಿಕ್ಕ ಪಾತ್ರೆಯೇ ಆಗಬೇಕು. ಅದಕ್ಕೆ ಒಳಬರುವ ವಾಲ್ವ್, ಹೊರಬಿಡುವ ವಾಲ್ವ್, ಸೆಲ್‌ನ ತಂತಿ ಹೊರಬರುವ ಸೋರದ ದಾರಿ ಮತ್ತು ಒತ್ತಡ ಮಿತಿಮೀರಿದಾಗ ತಾನಾಗಿ ತೆರೆದುಕೊಳ್ಳುವ ಸುರಕ್ಷತಾ ವಾಲ್ವ್ ಇರಬೇಕು. ಅಡುಗೆಮನೆಯ ಕುಕ್ಕರ್ ಕೂಡ ಸರಿಸುಮಾರು 1 ಬಾರ್ ಒತ್ತಡದಲ್ಲೇ ಸೀಟಿ ಹಾಕುವುದರಿಂದ ಅದನ್ನೇ ಬಳಸಬಹುದಲ್ಲ ಎಂದು ಕೇಳಿದವರಿದ್ದಾರೆ. ಬೇಡ. ಒಗ್ಗರಣೆಯ ಎಣ್ಣೆ ಹೀರಿದ ಗ್ಯಾಸ್ಕೆಟ್ ಮತ್ತು ಒತ್ತಡದ ಶುದ್ಧ ಆಕ್ಸಿಜನ್ ಒಂದೆಡೆ ಸೇರಬಾರದು.

ಗೇಜ್: 0 ರಿಂದ 2.5 ಬಾರ್ ವ್ಯಾಪ್ತಿಯ, 0.05 ಬಾರ್ ಅಥವಾ ಅದಕ್ಕಿಂತ ಸೂಕ್ಷ್ಮ ಗೆರೆಗಳಿರುವ, ಎಣ್ಣೆರಹಿತ ಗೇಜ್. ವೆಲ್ಡಿಂಗ್ ರೆಗ್ಯುಲೇಟರಿನ ಹೊರಗೇಜಿನ ಗೆರೆಗಳು ಈ ಕೆಲಸಕ್ಕೆ ತೀರ ಒರಟು. ಮುಳ್ಳು ಅದುರದಿರಲೆಂದು ಗ್ಲಿಸರಿನ್ ತುಂಬಿದ ಗೇಜುಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಅವನ್ನು ಆಕ್ಸಿಜನ್ ಸಾಲಿಗೆ ಜೋಡಿಸಬಾರದು.

ಮಲ್ಟಿಮೀಟರ್: ಡಿಸಿ ಮಿಲಿವೋಲ್ಟ್ ಶ್ರೇಣಿಯಲ್ಲಿ 0.1 ಮಿಲಿವೋಲ್ಟ್ ತೋರಿಸುವ, 10 ಮೆಗಾಓಮ್ ಇನ್‌ಪುಟ್ ಇರುವ ಡಿಜಿಟಲ್ ಮೀಟರ್. ಮೂರು ಸೆಲ್ ಒಟ್ಟಿಗೆ ನೋಡುವುದಾದರೆ ಮೂರು ಮೀಟರ್ ಅಥವಾ ಒಂದು ಸೆಲೆಕ್ಟರ್ ಸ್ವಿಚ್ ಬೇಕು.

ಅನಿಲಗಳು: ಡೈವಿಂಗ್ ಸಿಲಿಂಡರಿನ ಒಣ ಗಾಳಿ, ಶುದ್ಧ ಆಕ್ಸಿಜನ್, ಶೂನ್ಯ ನೋಡಲು ಸ್ವಲ್ಪ ಆರ್ಗಾನ್. ಆಕ್ಸಿಜನ್ ವಿಷಯದಲ್ಲೇ ಹೆಚ್ಚು ಜನ ಎಡವುವುದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಕಾನ್ಸೆಂಟ್ರೇಟರ್ ಮನೆಯಲ್ಲಿದೆ ಎಂದು ಅದರಿಂದಲೇ ಪರೀಕ್ಷೆ ಮುಗಿಸುವವರಿದ್ದಾರೆ. ಆ ಯಂತ್ರ ಕೊಡುವುದು ಸುಮಾರು 93 ಶೇಕಡಾ. ಒಳ್ಳೆಯ ಸೆಲ್ ಕೂಡ ಅದರಲ್ಲಿ 7 ಶೇಕಡಾ ಕಡಿಮೆ ತೋರಿಸಿ ನಪಾಸಾಗುತ್ತದೆ. ಕಪ್ಪು ಮೈ, ಬಿಳಿ ಹೆಗಲಿನ ವೈದ್ಯಕೀಯ ಸಿಲಿಂಡರ್ ಆದರೂ ಒಳಗಿನದು ದ್ರವ ಆಕ್ಸಿಜನ್ನಿನಿಂದ ತುಂಬಿದ್ದೋ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಆಸ್ಪತ್ರೆಯಂಗಳದ ಪಿಎಸ್‌ಎ ಘಟಕದಿಂದ ತುಂಬಿದ್ದೋ ಎಂದು ಕೇಳಿ, ಶುದ್ಧತೆಯ ಅಂಕಿಯನ್ನು ಬರೆದುಕೊಳ್ಳಬೇಕು.

ಇವುಗಳ ಜೊತೆಗೆ ಥರ್ಮಾಮೀಟರ್, ಸ್ಟಾಪ್‌ವಾಚ್, ನಿಜವಾದ ವಾಯುಭಾರ ತೋರಿಸುವ ಬ್ಯಾರೋಮೀಟರ್, ನೈಟ್ರೈಲ್ ಕೈಗವಸು, ಕನ್ನಡಕ ಮತ್ತು ದಾಖಲೆಗೆ ಒಂದು ನೋಟ್‌ಬುಕ್ ಇರಲಿ.

## ಆರಂಭಕ್ಕೆ ಮುನ್ನ: ಆಕ್ಸಿಜನ್ ಶಿಸ್ತು

ಆಕ್ಸಿಜನ್ ಹಾಯುವ ಪ್ರತಿಯೊಂದು ಭಾಗವೂ ಎಣ್ಣೆ, ಗ್ರೀಸ್, ಧೂಳಿಲ್ಲದೆ ಶುಚಿಯಾಗಿರಬೇಕು. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚುವ ಅಭ್ಯಾಸ ಡೈವಿಂಗ್‌ನಲ್ಲಿ ಎಲ್ಲರಿಗೂ ಇರುವುದರಿಂದ ಕೈ ತಾನಾಗಿ ಆ ಟ್ಯೂಬಿನತ್ತ ಹೋಗುತ್ತದೆ; ಇಲ್ಲಿ ಕ್ರಿಸ್ಟೋಲ್ಯೂಬ್, ಕ್ರೈಟಾಕ್ಸ್ ತರಹದ ಆಕ್ಸಿಜನ್‌ಗೆ ಹೊಂದುವ ಗ್ರೀಸ್ ಮಾತ್ರ ಬಳಸಬೇಕು, ಅದೂ ಮಿಂಚು ಕಾಣುವಷ್ಟು ತೆಳುವಾಗಿ.

ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ತೆರೆಯಬೇಕು. ರಭಸದಿಂದ ನುಗ್ಗಿದ ಆಕ್ಸಿಜನ್ ಕೊನೆಯ ತಿರುವಿನಲ್ಲಿ ಒತ್ತಿಕೊಂಡು ಬಿಸಿಯಾಗುತ್ತದೆ, ಅಲ್ಲಿ ಒಂದು ಹನಿ ಎಣ್ಣೆ ಇದ್ದರೆ ಬೆಂಕಿಗೆ ಕಿಡಿಯೂ ಬೇಕಾಗುವುದಿಲ್ಲ. ಕಿಟಕಿ ತೆರೆದಿರಲಿ, ದೀಪ ಅಗರಬತ್ತಿ ಉರಿಯದಿರಲಿ. ಆರ್ಗಾನ್‌ಗೆ ವಾಸನೆಯಿಲ್ಲ, ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಅದು ಉಸಿರುಗಟ್ಟಿಸುವುದು ಗೊತ್ತೇ ಆಗುವುದಿಲ್ಲ.

ಖಾಲಿ ಪಾತ್ರೆಗೆ ಮೊದಲು ಗಾಳಿ ತುಂಬಿ 1 ಬಾರ್‌ಗೆ ಏರಿಸಿ, ವಾಲ್ವ್ ಮುಚ್ಚಿ ಐದು ನಿಮಿಷ ಬಿಡಿ. ಮುಳ್ಳು ಇಳಿದರೆ ಸೋರಿಕೆ ಹುಡುಕಿ ಸರಿಪಡಿಸಿದ ಮೇಲೆಯೇ ಮುಂದಿನ ಮಾತು.

## ಹಂತ 1: ಕಣ್ಣಿನಿಂದ ನೋಡುವುದು

ಸೆಲ್ ಮೇಲಿನ ತಯಾರಿಕೆಯ ತಿಂಗಳು, ಕ್ರಮಸಂಖ್ಯೆ, ಯಂತ್ರಕ್ಕೆ ಹಾಕಿದ ದಿನಾಂಕ ಮೂರನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಬಳಕೆಗೆ ಹಾಕಿ 12 ತಿಂಗಳು ಅಥವಾ ತಯಾರಾಗಿ 18 ತಿಂಗಳು, ಯಾವುದು ಮೊದಲೋ ಅದಕ್ಕೆ ಸೆಲ್‌ನ ಆಯುಷ್ಯ ಮುಗಿಯಿತೆಂದು ಲೆಕ್ಕ; ತಯಾರಕರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅವರ ಮಾತೇ ಅಂತಿಮ. ಹೊಸ ಸೆಲ್ಲನ್ನು ಕಪಾಟಿನಲ್ಲಿಟ್ಟರೂ ವಯಸ್ಸಾಗುತ್ತದೆ ಎಂಬುದನ್ನು ಮರೆಯಬಾರದು. ಮುಚ್ಚಿದ ಪೊಟ್ಟಣದಿಂದ ಈಗಷ್ಟೇ ತೆಗೆದ ಸೆಲ್ಲನ್ನು ಒಂದು ದಿನ ಗಾಳಿಯಲ್ಲಿಟ್ಟು ನಂತರ ಪರೀಕ್ಷಿಸಬೇಕು.

ಪೊರೆಯ ಮೇಲೆ ಗೀರು, ಉಬ್ಬು, ಬಿಳಿ ಪುಡಿ, ಒದ್ದೆಯ ಗುರುತು ಇದೆಯೇ ನೋಡಿ. ಮುಟ್ಟಿದರೆ ಸೋಪಿನಂತೆ ಜಾರುವ ತೇವ ಇದ್ದರೆ ಅದು ಸೋರಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಇನ್ನೂ ಅಪಾಯ. ಕೈಗವಸಿನಲ್ಲೇ ಆ ಸೆಲ್ಲನ್ನು ಚೀಲಕ್ಕೆ ಹಾಕಿ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ಕನೆಕ್ಟರಿನ ಪಿನ್‌ಗಳ ಮೇಲೆ ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಿದ ನಂತರವೇ ಆಕ್ಸಿಜನ್ ಹತ್ತಿರ ತನ್ನಿ.

## ಹಂತ 2: ಊರಿನ ವಾಯುಭಾರ ಹಿಡಿಯುವುದು

ಬೆಂಗಳೂರಿನಲ್ಲಿ ಪರೀಕ್ಷೆ ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ 1013 ಮಿಲಿಬಾರ್ ಅಲ್ಲ, ಸುಮಾರು 910. ಫೋನಿನ ಹವಾಮಾನದ ಆ್ಯಪ್ ತೆರೆದರೆ ಮಾತ್ರ 1010, 1014 ಎಂದೇ ತೋರಿಸುತ್ತದೆ, ಏಕೆಂದರೆ ಅದು ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಅಂಕಿ. ನಮಗೆ ಬೇಕಾದ್ದು ಮೇಜಿನ ಮೇಲೆ ಈ ಕ್ಷಣ ನಿಜವಾಗಿ ಇರುವ ಒತ್ತಡ. ಫೋನಿನೊಳಗೆ ಒತ್ತಡದ ಸೆನ್ಸರ್ ಇದ್ದು ಅದರ ನೇರ ರೀಡಿಂಗ್ ತೋರಿಸುವ ಆ್ಯಪ್ ಇದ್ದರೆ ಸಾಕು, ಇಲ್ಲವಾದರೆ ಬ್ಯಾರೋಮೀಟರ್ ಕೊಳ್ಳಬೇಕು.

ಒಂದು ಬಾರ್ ಆಕ್ಸಿಜನ್ನಿಗೆ 50 ಮಿಲಿವೋಲ್ಟ್ ಕೊಡುವ ಸೆಲ್ ಒಂದನ್ನು ಮುಂದಿನ ಲೆಕ್ಕಗಳಿಗೆಲ್ಲ ಇಟ್ಟುಕೊಳ್ಳೋಣ. ಮುರುಡೇಶ್ವರದ ದಂಡೆಯಲ್ಲಿ, ಒಣ ಗಾಳಿಯಲ್ಲಿ ಅದು ಸುಮಾರು 10.6 ತೋರಿಸಿದರೆ ಬೆಂಗಳೂರಿನಲ್ಲಿ 9.5 ತೋರಿಸುತ್ತದೆ. ಶುದ್ಧ ಆಕ್ಸಿಜನ್ನಿನಲ್ಲಿ ಅಲ್ಲಿ 50.7, ಇಲ್ಲಿ 45.5. ಸೆಲ್ ಎರಡೂ ಕಡೆ ಸರಿಯಾಗಿಯೇ ಇದೆ. 1013 ಎಂದು ನಂಬಿ ಕುಳಿತವರು ಅದನ್ನು ಹತ್ತು ಶೇಕಡಾ ಸತ್ತಿದೆ ಎಂದು ಎಸೆಯುತ್ತಾರೆ. ಅದು ದುಡ್ಡಿನ ನಷ್ಟ ಮಾತ್ರ. ಬೆಂಗಳೂರಿನ ಆಕ್ಸಿಜನ್ನನ್ನೇ 1.0 ಬಾರ್ ಎಂದು ರೀಬ್ರೀದರಿನ ರೀಡಿಂಗ್ ತೋರಿಸುವ ಹ್ಯಾಂಡ್‌ಸೆಟ್ಟಿಗೆ ಹೇಳಿ ಕ್ಯಾಲಿಬ್ರೇಟ್ ಮಾಡಿದರೆ ಅಪಾಯ ದೇಹಕ್ಕೆ: ಹ್ಯಾಂಡ್‌ಸೆಟ್ 1.3 ತೋರಿಸುವಾಗ ನಿಜವಾದ ಒತ್ತಡ 1.18 ಮಾತ್ರ ಇರುತ್ತದೆ, ಮೇಲೇರುವಾಗ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳುವ ಡಿಕಂಪ್ರೆಷನ್ ಲೆಕ್ಕ ಆಕ್ಸಿಜನ್ ಹೆಚ್ಚಿದೆಯೆಂದು ನಂಬಿ ನಿಲುಗಡೆಗಳನ್ನು ಕಡಿಮೆ ಮಾಡುತ್ತದೆ.

ಇನ್ನೊಂದು ಮಾತು. ಪಾತ್ರೆಯ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಅದಕ್ಕೆ ವಾಯುಭಾರ ಕೂಡಿಸಿದರೆ ನಿಜವಾದ ಒತ್ತಡ. ಬೆಂಗಳೂರಿನಲ್ಲಿ ಗೇಜ್ 1.00 ತೋರಿದರೆ ಒಳಗೆ 1.91 ಬಾರ್, 2.00 ಅಲ್ಲ.

## ಹಂತ 3: ತಾಪ ಸಮನಾಗಲು ಬಿಡುವುದು

ಬಿಸಿಯಾದಷ್ಟೂ ಪೊರೆಯ ಮೂಲಕ ಹೆಚ್ಚು ಆಕ್ಸಿಜನ್ ನುಸುಳುತ್ತದೆ. ಅದನ್ನು ಸರಿದೂಗಿಸಲು ಸೆಲ್ ಒಳಗೆ ಥರ್ಮಿಸ್ಟರ್ ಇದೆ. ಆದರೆ ಪೊರೆ ಮತ್ತು ಥರ್ಮಿಸ್ಟರ್ ಒಂದೇ ವೇಗದಲ್ಲಿ ಬಿಸಿಯಾಗುವುದಿಲ್ಲ, ತಣ್ಣಗಾಗುವುದೂ ಇಲ್ಲ. ಕಾರಿನ ಡಿಕ್ಕಿಯಿಂದಲೋ ಏಸಿ ಕೋಣೆಯಿಂದಲೋ ಈಗಷ್ಟೇ ತಂದ ಸೆಲ್ ಹೀಗಾಗಿ ತಪ್ಪು ಹೇಳುತ್ತದೆ. ಸೆಲ್, ಪಾತ್ರೆ, ಅನಿಲದ ಸಿಲಿಂಡರ್ ಮೂರನ್ನೂ ಒಂದೇ ಕೋಣೆಯಲ್ಲಿ ಕನಿಷ್ಠ ಒಂದು ಗಂಟೆ ಇಟ್ಟು, ತಾಪ ಬರೆದುಕೊಂಡು ಶುರು ಮಾಡಿ.

## ಹಂತ 4: ಗಾಳಿಯ ರೀಡಿಂಗ್

ಸೆಲ್ಲನ್ನು ಪಾತ್ರೆಯಲ್ಲಿ ಕೂರಿಸಿ, ಹೊರವಾಲ್ವ್ ತೆರೆದಿಟ್ಟು, ಸಿಲಿಂಡರಿನ ಗಾಳಿಯನ್ನು ನಿಮಿಷಕ್ಕೆ ಒಂದೆರಡು ಲೀಟರಿನಂತೆ ಹಾಯಿಸಿ. ಐದು ನಿಮಿಷದ ನಂತರ ರೀಡಿಂಗ್ ತೆಗೆದುಕೊಳ್ಳಿ.

ಕೋಣೆಯ ಗಾಳಿ ಏಕಾಗದು? ಕರಾವಳಿಯಲ್ಲಿ 30 ಡಿಗ್ರಿ ಸೆಲ್ಸಿಯಸ್, 80 ಶೇಕಡಾ ತೇವಾಂಶದ ಮಧ್ಯಾಹ್ನ ಗಾಳಿಯಲ್ಲಿರುವ ನೀರಾವಿಯೇ ಸುಮಾರು 34 ಮಿಲಿಬಾರ್ ಜಾಗ ಹಿಡಿಯುತ್ತದೆ, ಆಕ್ಸಿಜನ್ನಿನ ಪಾಲು 3 ಶೇಕಡಾಕ್ಕೂ ಹೆಚ್ಚು ಇಳಿಯುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಈ ರೀಡಿಂಗೇ ಬುನಾದಿಯಾದ್ದರಿಂದ ಇಲ್ಲಿ ಮೂರು ಶೇಕಡಾ ತಪ್ಪಿದರೆ ಕೊನೆಯವರೆಗೂ ಅದೇ ತಪ್ಪು ಬೆನ್ನು ಹತ್ತುತ್ತದೆ.

ಬಂದ ಮಿಲಿವೋಲ್ಟನ್ನು ಆಂಶಿಕ ಒತ್ತಡದಿಂದ ಭಾಗಿಸಿದರೆ ಸೆಲ್‌ನ ಸಂವೇದನೆ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ವಾಯುಭಾರ 0.910ನ್ನು ಒಣ ಗಾಳಿಯಲ್ಲಿ ಆಕ್ಸಿಜನ್ನಿನ ಪಾಲಾದ 0.209ರಿಂದ ಗುಣಿಸಿದರೆ 0.190 ಬಾರ್, 9.5ನ್ನು 0.190ರಿಂದ ಭಾಗಿಸಿದರೆ 50. ಈ ಅಂಕಿಯನ್ನು ಪುಟದ ತಲೆಯಲ್ಲಿ ಬರೆದಿಡಿ.

ರೀಡಿಂಗ್ ನಿಂತ ಮೇಲೆ ತಂತಿಯನ್ನು ಮೆಲ್ಲನೆ ಅಲುಗಿಸಿ, ಪಾತ್ರೆಯನ್ನು ಬೆರಳಿನಿಂದ ತಟ್ಟಿ. ಅಂಕಿ ಕುಣಿದರೆ ಬೆಸುಗೆ ಬಿಟ್ಟಿದೆ ಅಥವಾ ಪಿನ್ ಸಡಿಲವಿದೆ. ಬೇರೆ ಕೇಬಲ್ ಹಾಕಿ ನೋಡಿ. ಕುಣಿತ ನಿಂತರೆ ದೋಷ ಕೇಬಲಿನದು, ಸೆಲ್‌ನದಲ್ಲ. ಎಷ್ಟೋ ಒಳ್ಳೆಯ ಸೆಲ್‌ಗಳು ಕೆಟ್ಟ ಕೇಬಲಿನ ದೆಸೆಯಿಂದ ಕಸದ ಬುಟ್ಟಿ ಸೇರಿವೆ.

## ಹಂತ 5: ಶೂನ್ಯ

ಆರ್ಗಾನ್ ಹಾಯಿಸಿ. ರೀಡಿಂಗ್ ಇಳಿಯುತ್ತ ಬಂದು ಕೆಲವು ನಿಮಿಷಗಳಲ್ಲಿ ಅರ್ಧ ಮಿಲಿವೋಲ್ಟಿನೊಳಗೆ ನಿಲ್ಲಬೇಕು. ಒಂದಕ್ಕಿಂತ ಮೇಲೆಯೇ ನಿಂತರೆ ಒಂದೋ ಪಾತ್ರೆ ಸೋರುತ್ತಿದೆ, ಇಲ್ಲವೇ ಸೆಲ್ ಒಳಗೆ ಗಾಳಿ ಸೇರಿದೆ. ಪಾತ್ರೆಯನ್ನು ಮೊದಲು ಅನುಮಾನಿಸಿ.

## ಹಂತ 6: ವಾಯುಭಾರದಲ್ಲೇ ಶುದ್ಧ ಆಕ್ಸಿಜನ್

ಹೊರವಾಲ್ವ್ ತೆರೆದೇ ಇರಲಿ. ನಿಮಿಷಕ್ಕೆ 2 ಲೀಟರಿನಂತೆ ಆಕ್ಸಿಜನ್ ಹಾಯಿಸಿದರೆ 300 ಮಿಲಿಲೀಟರ್ ಪಾತ್ರೆಯೊಳಗಿನ ಅನಿಲ ಒಂದು ನಿಮಿಷದಲ್ಲಿ ಆರೇಳು ಬಾರಿ ಬದಲಾಗುತ್ತದೆ. ಖಚಿತಕ್ಕಾಗಿ ಮೂರು ನಿಮಿಷ ಬಿಡಿ. ಹೆಚ್ಚು ರಭಸ ಬೇಡ, ಪಾತ್ರೆಯೊಳಗೆ ಹಿಂದೊತ್ತಡ ಉಂಟಾಗಿ ರೀಡಿಂಗ್ ಮೇಲೇರುತ್ತದೆ.

ಗಾಳಿಯ ರೀಡಿಂಗನ್ನು 4.78ರಿಂದ ಗುಣಿಸಿದರೆ ಎಷ್ಟೋ ಅಷ್ಟು ಇಲ್ಲಿ ಬರಬೇಕು. ಎರಡೂ ರೀಡಿಂಗ್ ಒಂದೇ ವಾಯುಭಾರದಲ್ಲಿ ತೆಗೆದವಾದ್ದರಿಂದ ಈ ಗುಣಕ ಮುರುಡೇಶ್ವರದಲ್ಲೂ ಬೆಂಗಳೂರಿನಲ್ಲೂ ಒಂದೇ. 9.5 ಕೊಟ್ಟ ಸೆಲ್ 45.4ರ ಹತ್ತಿರ ನಿಲ್ಲಬೇಕು. ಲೆಕ್ಕಕ್ಕಿಂತ ಮೂರು ಶೇಕಡಾಕ್ಕೂ ಹೆಚ್ಚು ಇಳಿದು ಬಂದರೆ ಸೆಲ್ ಮೇಲೆ ತಪ್ಪು ಹೊರಿಸುವ ಮೊದಲು ಆಕ್ಸಿಜನ್ನಿನ ಶುದ್ಧತೆ ಮತ್ತು ಹಾಯಿಸಿದ ಸಮಯ ಎರಡನ್ನೂ ಮತ್ತೆ ನೋಡಿ. ಮೂರೂ ಸೆಲ್‌ಗಳು ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸಿದರೆ ಕೆಟ್ಟಿರುವುದು ಅನಿಲವೇ ಹೊರತು ಸೆಲ್‌ಗಳಲ್ಲ ಎನ್ನಬಹುದು.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಬೇಡಿ, ನಿಜವಾದ ಪರೀಕ್ಷೆ ಇನ್ನು ಮುಂದಿದೆ.

## ಹಂತ 7: ಒತ್ತಡ ಏರಿಸುವುದು

ಆಕ್ಸಿಜನ್ ಹಾಯುತ್ತಿರುವಾಗಲೇ ಹೊರವಾಲ್ವನ್ನು ನಿಧಾನವಾಗಿ ಮುಚ್ಚುತ್ತ ಬನ್ನಿ. ಗೇಜ್ 0.40 ಮುಟ್ಟಿದಾಗ ಒಳವಾಲ್ವನ್ನೂ ಮುಚ್ಚಿ, ಎರಡು ನಿಮಿಷ ಕಾದು ರೀಡಿಂಗ್ ಬರೆಯಿರಿ. ಹೀಗೆಯೇ 0.70 ಮತ್ತು 1.00. ಅನಿಲ ತುಂಬುವಾಗ ಒಳಗೆ ತುಸು ಬಿಸಿಯಾಗುವುದರಿಂದ ಮುಳ್ಳು ನಿಲ್ಲುವವರೆಗೆ ಕಾಯಬೇಕು.

ಸಂವೇದನೆ 50 ಇರುವ ಸೆಲ್ ಬೆಂಗಳೂರಿನ ಮೇಜಿನ ಮೇಲೆ ಹೀಗೆ ತೋರಿಸಬೇಕು: ಗೇಜ್ 0.40ರಲ್ಲಿ ಒಳಗೆ 1.31 ಬಾರ್, ರೀಡಿಂಗ್ 65.5, 0.70ರಲ್ಲಿ 1.61 ಬಾರ್, 80.5, 1.00ರಲ್ಲಿ 1.91 ಬಾರ್, 95.5. ನಿಮ್ಮ ಸೆಲ್‌ನ ಸಂವೇದನೆಯಿಂದ ಈ ಮೂರು ಅಂಕಿಗಳನ್ನು ಮೊದಲೇ ಲೆಕ್ಕ ಹಾಕಿ ಪುಟದಲ್ಲಿ ಬರೆದಿಡಿ. ರೀಡಿಂಗ್ ನೋಡಿದ ಮೇಲೆ ಲೆಕ್ಕ ಮಾಡಲು ಹೊರಟರೆ ಮನಸ್ಸು ಬಂದ ಅಂಕಿಗೇ ಲೆಕ್ಕವನ್ನು ಹೊಂದಿಸಿಬಿಡುತ್ತದೆ.

ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ಹಂತ 6ನ್ನು ಹಾರಿಸುವುದು. ಗಾಳಿ ತುಂಬಿದ ಪಾತ್ರೆಗೆ ನೇರವಾಗಿ 1 ಬಾರ್ ಆಕ್ಸಿಜನ್ ತುಂಬಿದರೆ ಒಳಗಿನ ಆಂಶಿಕ ಒತ್ತಡ 1.91 ಅಲ್ಲ, 0.19ಕ್ಕೆ 1.00 ಸೇರಿ 1.19 ಮಾತ್ರ. ಸೆಲ್ 59.5 ತೋರಿಸುತ್ತದೆ. ಹೊಸ ಸೆಲ್‌ಗಳೇ ಚಾವಣಿ ಮುಟ್ಟಿವೆ ಎಂದು ಗಾಬರಿಯಿಂದ ಫೋನ್ ಮಾಡಿದವರೊಬ್ಬರು ಮಾಡಿದ್ದು ಇದನ್ನೇ.

ನಿಜವಾದ ಚಾವಣಿ ಹೇಗೆ ಕಾಣುತ್ತದೆ? ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿಟ್ಟಿರುವ ಒಂದು ಪುಟವಿದೆ. ಹದಿನಾಲ್ಕು ತಿಂಗಳು ದುಡಿದ ಸೆಲ್, ಗಾಳಿಯಲ್ಲಿ 9.4, ಆಕ್ಸಿಜನ್ನಿನಲ್ಲಿ 45.0. ಇಲ್ಲಿಯವರೆಗೆ ಕೈ ಎತ್ತಿ ಪಾಸು ಮಾಡುವಂಥ ಅಂಕಿಗಳು. ಗೇಜ್ 0.40ರಲ್ಲಿ 64.7 ಬರಬೇಕಿತ್ತು, 63.9 ಬಂತು, ಅದನ್ನೂ ಒಪ್ಪಬಹುದು. 0.70ರಲ್ಲಿ 79.5 ಬರಬೇಕಾದಲ್ಲಿ 70.2. 1.00ರಲ್ಲಿ 94 ದಾಟಬೇಕಾದದ್ದು 71ಕ್ಕೆ ನಿಂತೇ ಬಿಟ್ಟಿತು. ಇನ್ನೂ ಆಕ್ಸಿಜನ್ ಕೊಟ್ಟರೂ ಮೀಟರಿನ ಕೊನೆಯ ಅಂಕಿ ಸಹ ಕದಲಲಿಲ್ಲ. ಯಂತ್ರದ ಭಾಷೆಯಲ್ಲಿ ಹೇಳುವುದಾದರೆ ಆ ಸೆಲ್ 1.44 ಬಾರ್‌ಗಿಂತ ಮೇಲೆ ಏನನ್ನೂ ಹೇಳಲಾರದು. 1.6ರ ಅಲಾರಂ ಅದರ ಮಟ್ಟಿಗೆ ಎಂದೂ ಹೊಡೆಯುವುದಿಲ್ಲ. ಅದನ್ನು ತಂದವರು ಅದೇ ಸೆಲ್ ಹಾಕಿಕೊಂಡು ಹಿಂದಿನ ವಾರ ನೀರಿಗಿಳಿದು ಬಂದಿದ್ದರು.

## ಹಂತ 8: ಎತ್ತರದಲ್ಲಿ ನಿಲ್ಲಿಸಿ ನೋಡುವುದು

ಗೇಜ್ 0.70ಕ್ಕೆ ಇಳಿಸಿ ಹತ್ತು ನಿಮಿಷ ಬಿಡಿ. ಪ್ರತಿ ಎರಡು ನಿಮಿಷಕ್ಕೆ ಗೇಜನ್ನೂ ಮಿಲಿವೋಲ್ಟನ್ನೂ ಒಟ್ಟಿಗೆ ಬರೆಯಿರಿ. ದಣಿದ ಸೆಲ್ ಏರುವಾಗ ಸರಿಯಾದ ಅಂಕಿ ಮುಟ್ಟಿ, ನಿಂತ ಮೇಲೆ ಮೆಲ್ಲ ಮೆಲ್ಲನೆ ಜಾರುತ್ತದೆ. ಗೇಜ್ ಕದಲದೆ ರೀಡಿಂಗ್ ಮಾತ್ರ ಇಳಿದರೆ ಅದು ಸೆಲ್‌ನ ದೋಷ. ಎರಡೂ ಜೊತೆಯಾಗಿ ಇಳಿದರೆ ಪಾತ್ರೆಯ ಸೋರಿಕೆ. ಗಡಿಬಿಡಿಯಲ್ಲಿ ಏರಿಸಿ, ಇಳಿಸಿ ಮುಗಿಸುವವರಿಗೆ ಈ ಜಾರುವಿಕೆ ಕಾಣುವುದೇ ಇಲ್ಲ.

## ಹಂತ 9: ಇಳಿಸುವುದು ಮತ್ತು ವೇಗ ಅಳೆಯುವುದು

ಒತ್ತಡವನ್ನು ನಿಧಾನವಾಗಿ ಬಿಡಬೇಕು, ಒಂದು ಬಾರ್ ಇಳಿಯಲು ಒಂದೆರಡು ನಿಮಿಷವಾದರೂ ತೆಗೆದುಕೊಳ್ಳಲಿ. ಥಟ್ಟನೆ ಬಿಟ್ಟರೆ ದ್ರಾವಣದಲ್ಲಿ ಕರಗಿದ ಅನಿಲ ಗುಳ್ಳೆಯಾಗಿ ಪೊರೆ ಉಬ್ಬಬಹುದು. ಒಳ್ಳೆಯ ಸೆಲ್ಲನ್ನು ಪರೀಕ್ಷೆಯೇ ಕೆಡಿಸಿದಂತಾಗುತ್ತದೆ. ಇಳಿಯುವ ದಾರಿಯಲ್ಲಿ 0.40ರಲ್ಲಿ ಮತ್ತೊಮ್ಮೆ ರೀಡಿಂಗ್ ತೆಗೆದು, ಏರುವಾಗ ಬಂದದ್ದರೊಂದಿಗೆ ಹೋಲಿಸಿ.

ಕೊನೆಗೆ ಪಾತ್ರೆ ತೆರೆದು, ಆಕ್ಸಿಜನ್ನಿನಲ್ಲಿದ್ದ ಸೆಲ್ಲನ್ನು ಒಮ್ಮೆಗೇ ಗಾಳಿಗೆ ತಂದು ಸ್ಟಾಪ್‌ವಾಚ್ ಒತ್ತಿ. 45.5ರಿಂದ 9.5ಕ್ಕೆ ಇಳಿಯಬೇಕಾದ 36 ಮಿಲಿವೋಲ್ಟಿನಲ್ಲಿ 90 ಶೇಕಡಾ, ಅಂದರೆ ಸುಮಾರು 13 ಮಿಲಿವೋಲ್ಟ್ ತಲುಪಲು ಎಷ್ಟು ಸೆಕೆಂಡ್ ಬೇಕಾಯಿತು ಎಂಬುದೇ ಸೆಲ್‌ನ ವೇಗ. ತಯಾರಕರ ಕಾಗದದಲ್ಲಿ 6 ಸೆಕೆಂಡ್ ಎಂದಿರುವ ಸೆಲ್ 20 ಸೆಕೆಂಡ್ ತೆಗೆದುಕೊಂಡರೆ ಪೊರೆಯ ಮೇಲೆ ತೇವವೋ ಕೊಳೆಯೋ ಕೂತಿದೆ. ಒಂದು ದಿನ ಒಣಗಲು ಬಿಟ್ಟು ಮತ್ತೆ ನೋಡಿ. ಪೊರೆಯನ್ನು ಬಟ್ಟೆಯಿಂದ ಉಜ್ಜಬಾರದು.

## ಹಂತ 10: ಬೆಚ್ಚಗಿನ ಪರೀಕ್ಷೆ

ರೀಬ್ರೀದರಿನ ಒಳಗೆ ಉಸಿರಿನ ಶಾಖ, ಇಂಗಾಲದ ಡೈಆಕ್ಸೈಡ್ ಹೀರುವ ಸ್ಕ್ರಬ್ಬರಿನ ಶಾಖ ಎರಡೂ ಇರುತ್ತವೆ. ಕೋಣೆಯ ತಾಪದಲ್ಲಿ ಸರಿಯಿದ್ದು ಬಿಸಿಯಲ್ಲಿ ತಪ್ಪುವ ಸೆಲ್‌ಗಳು ಅಪರೂಪವಾದರೂ ಇವೆ. ಥರ್ಮಿಸ್ಟರ್ ಕೆಟ್ಟಿರುವುದು ಗೊತ್ತಾಗುವುದು ಹೀಗೆಯೇ. ಮುಚ್ಚಿದ ಪಾತ್ರೆಯ ಕೆಳಭಾಗವನ್ನು 35 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇಟ್ಟು ಹಂತ 4, 6, 7ನ್ನು ಮತ್ತೆ ಮಾಡಿ. ತಂತಿಯ ಜೋಡಣೆಗೆ ನೀರು ತಾಗದಂತೆ ನೋಡಿಕೊಳ್ಳಿ. ಪ್ರತಿ ಸಲ ಇದು ಬೇಕಿಲ್ಲ. ಹೊಸ ಸೆಲ್ ಬಂದಾಗ ಮತ್ತು ನೀರಿನಡಿಯಲ್ಲಿ ಮೂರರ ನಡುವೆ ಕಾರಣ ತಿಳಿಯದ ವ್ಯತ್ಯಾಸ ಕಂಡಾಗ ಮಾಡಿದರೆ ಸಾಕು.

## ಹಂತ 11: ತೀರ್ಮಾನ ಮತ್ತು ದಾಖಲೆ

ನಾನು ಇಟ್ಟುಕೊಂಡಿರುವ ಮಿತಿ ಹೀಗಿದೆ. ವಾಯುಭಾರದ ಆಕ್ಸಿಜನ್ನಿನಲ್ಲಿ ಲೆಕ್ಕಕ್ಕಿಂತ 3 ಶೇಕಡಾ, 1.6 ಬಾರ್‌ನಲ್ಲಿ 5 ಶೇಕಡಾ ಕಡಿಮೆ ಬಂದರೂ ಪಾಸು. 1.6ರಲ್ಲಿ 5ರಿಂದ 10ರ ನಡುವೆ ಬಿದ್ದ ಸೆಲ್ಲನ್ನು ಮರುದಿನ ಮತ್ತೊಮ್ಮೆ ಪರೀಕ್ಷಿಸಿ, ಮತ್ತೆ ಅಷ್ಟೇ ಬಂದರೆ ತೆಗೆದುಹಾಕುತ್ತೇನೆ. 10 ಶೇಕಡಾಕ್ಕಿಂತ ಹೆಚ್ಚು ಕಡಿಮೆ ಬಂದದ್ದಕ್ಕೆ ಎರಡನೆಯ ಅವಕಾಶವಿಲ್ಲ. ತಯಾರಕರ ಮಿತಿ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಹಿಡಿಯಬೇಕು. ಲೆಕ್ಕಕ್ಕಿಂತ ಹೆಚ್ಚು ತೋರಿಸುವ ಸೆಲ್ಲನ್ನು "ಜೋರಾಗಿದೆ" ಎಂದು ಮೆಚ್ಚುವವರಿದ್ದಾರೆ. ಪೊರೆ ಹರಿದಾಗಲೂ ರೀಡಿಂಗ್ ಏರುತ್ತದೆ ಎಂಬುದು ಅವರಿಗೆ ನೆನಪಿರಲಿ.

ಒಂದೇ ದಿನದ ಅಂಕಿಗಿಂತ ತಿಂಗಳುಗಳ ಸಾಲು ಹೆಚ್ಚು ಹೇಳುತ್ತದೆ. ಪ್ರತಿ ಸೆಲ್‌ಗೆ ಒಂದು ಪುಟ. ದಿನಾಂಕ, ವಾಯುಭಾರ, ತಾಪ, ಗಾಳಿ, ಆಕ್ಸಿಜನ್, ಮೂರು ಒತ್ತಡದ ರೀಡಿಂಗ್, ವೇಗ. ಸೆಲ್ ಹೊಸದಿದ್ದಾಗ ತಿಂಗಳಿಗೊಮ್ಮೆ, ಎಂಟು ತಿಂಗಳು ದಾಟಿದ ಮೇಲೆ ಪ್ರತಿ ಡೈವಿಂಗ್ ಪ್ರವಾಸಕ್ಕೂ ಮುಂಚೆ ಈ ಪರೀಕ್ಷೆ ಮಾಡಿ. 1.6ರ ರೀಡಿಂಗ್ ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂದಿದ್ದರೆ, ಇನ್ನೂ ಮಿತಿಯೊಳಗಿದೆ ಎಂಬ ಕಾರಣಕ್ಕೆ ಅದನ್ನು ಹದಿನೈದು ದಿನದ ಪ್ರವಾಸಕ್ಕೆ ಒಯ್ಯಬೇಡಿ.

ಮೂರು ಸೆಲ್ಲನ್ನು ಒಂದೇ ದಿನ ಬದಲಿಸುವ ಬದಲು ನಾಲ್ಕು ತಿಂಗಳಿಗೊಂದರಂತೆ ಬದಲಿಸಿದರೆ ಮೂರಕ್ಕೂ ಬೇರೆ ಬೇರೆ ವಯಸ್ಸು, ಬೇರೆ ಬೇರೆ ಬ್ಯಾಚ್ ಸಿಗುತ್ತದೆ. ಒಟ್ಟಿಗೆ ಮುಪ್ಪಾಗುವ ಅಪಾಯ ತಗ್ಗುತ್ತದೆ. ತಾಳಿಕೆ ಹೆಚ್ಚಲೆಂದು ಸೆಲ್ಲನ್ನು ಫ್ರೀಜರಿನಲ್ಲಿಡುವುದು ಬೇಡ, ದ್ರಾವಣ ಹೆಪ್ಪುಗಟ್ಟಿದರೆ ಒಳಗೆ ಬಿರುಕು ಬಿಡುತ್ತದೆ.

ನಪಾಸಾದ ಸೆಲ್‌ನ ಕನೆಕ್ಟರನ್ನು ಆಗಲೇ ಕತ್ತರಿಸಿ. ಬಿಡಿಭಾಗದ ಡಬ್ಬಿಗೆ ಎಸೆದ ಸೆಲ್ ಮುಂದೊಂದು ದಿನ ಅವಸರದಲ್ಲಿ ಯಾರದ್ದೋ ಯಂತ್ರ ಸೇರಿದ್ದನ್ನು ನೋಡಿದ್ದೇನೆ. ಒಳಗೆ ಸೀಸ ಮತ್ತು ಕ್ಷಾರ ಇರುವುದರಿಂದ ಮನೆಯ ಕಸಕ್ಕೆ ಹಾಕದೆ, ಚೀಲದಲ್ಲಿ ಮುಚ್ಚಿ ಇ-ತ್ಯಾಜ್ಯ ಪಡೆಯುವ ಅಧಿಕೃತ ಕೇಂದ್ರಕ್ಕೆ ಕೊಡಬೇಕು.